ನಮ್ಮೂರ ಕೆರೆ ಮತ್ತು ಚಳಿಗಾಲದ ಬಾತುಗಳು

(ಶತಮಾನೋತ್ಸವದ ಸಮಾರೋಪ ಸಮಾರಂಭದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಮುಖ್ಯೋಪಾಧ್ಯಾಯಿನಿಯಿಂದ ತಾವು ಏನನ್ನು ಕೇಳಲು ಬಂದಿದ್ದೀರಿ ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ಕಟ್ಟಡಗಳ ಚರಿತ್ರೆ, ದಾನಿಗಳ ಸ್ಮರಣೆ, ಪರೀಕ್ಷಾ ಫಲಿತಾಂಶಗಳ ವಿವರ ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಅಚ್ಚಾಗಿವೆ. ಆದ್ದರಿಂದ ಇಂದು ನಾವು ಶಾಲೆಯ ಹಿಂಬದಿಯ ಕಿಟಕಿಯನ್ನು ತೆರೆದು, ಅಲ್ಲಿ ಕಾಣುವ ಕೆರೆಯ ಕುರಿತು ನಾಲ್ಕು ಮಾತು ಆಡಬೇಕೆಂದಿದ್ದೇವೆ. ನೂರು ವರ್ಷಗಳಿಂದ ಈ ಶಾಲೆಗೆ ದಾಖಲಾತಿ ಪತ್ರವಿಲ್ಲದೆ, ವರ್ಗಾವಣೆ ಪತ್ರವಿಲ್ಲದೆ ಪ್ರತಿವರ್ಷ ಬಂದು ಹೋಗುತ್ತಿದ್ದ ಕೆಲವು ವಿದ್ಯಾರ್ಥಿಗಳಿದ್ದಾರೆ. ಅವರ ಹಾಜರಿ ಈಗ ಕಡಿಮೆಯಾಗುತ್ತಿದೆ. ಅವರೇ ಚಳಿಗಾಲದ ಬಾತುಗಳು.

ಈ ಶಾಲೆ ಆರಂಭವಾದಾಗ ನಮ್ಮ ಹೊಸೂರು ಸೀಮೆಯು ಮದ್ರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಹಕ್ಕಿಗಳ ದಾರಿ ಬದಲಾಗಲಿಲ್ಲ. ಹಿಂಗಾರು ಮಳೆ ಕೆರೆಯನ್ನು ತುಂಬಿಸುವ ಹೊತ್ತಿಗೆ ಉತ್ತರದಿಂದ ಅವು ಬರುತ್ತಿದ್ದವು. ಸೂಜಿಯಂತಹ ಬಾಲದ ಬಾತು, ಕಣ್ಣಿನ ಮೇಲೆ ಬಿಳಿಯ ಹುಬ್ಬಿರುವ ಬಾತು, ಸಲಿಕೆಯಂತೆ ಅಗಲವಾದ ಕೊಕ್ಕಿನ ಬಾತು, ಇವು ಹಿಮಾಲಯದಾಚೆಯ ನಾಡುಗಳಿಂದ ಬರುವಂಥವು. ಚುಕ್ಕೆ ಕೊಕ್ಕಿನ ಬಾತು, ಸಿಳ್ಳೆ ಬಾತು, ಗುಳುಮುಳುಕ, ನಾಮದ ಕೋಳಿ ಇವು ನಮ್ಮ ನಾಡಿನಲ್ಲಿಯೇ ಕೆರೆಯಿಂದ ಕೆರೆಗೆ ಅಲೆಯುವಂಥವು. ಮಾರ್ಚ್ ಕಳೆಯುವ ವೇಳೆಗೆ, ನಮ್ಮ ಮಕ್ಕಳು ವಾರ್ಷಿಕ ಪರೀಕ್ಷೆಗೆ ಕುಳಿತಿರುವಾಗ, ಉತ್ತರದ ಅತಿಥಿಗಳು ಒಂದು ರಾತ್ರಿ ಹೇಳದೆ ಹೊರಟುಬಿಡುತ್ತಿದ್ದರು.

ಇಲ್ಲಿ ಒಂದು ಸಣ್ಣ ಪ್ರಸಂಗ. ಕೆಲವು ವರ್ಷಗಳ ಹಿಂದೆ ಎರಡನೆಯ ತರಗತಿಯ ಬಾಲಕನೊಬ್ಬ, 'ಏರಿಯಲ್ಲಿ ಬಾತು ಈಜುತ್ತಿದೆ' ಎಂದು ಬರೆದಿದ್ದ. ಏರಿ ಎಂದರೆ ಕೆರೆಯ ದಂಡೆ, ಅಲ್ಲಿ ಬಾತು ಈಜುವುದು ಹೇಗೆ ಎಂದು ನಾವು ಕೆಂಪು ಗೆರೆ ಎಳೆದೆವು. ಆ ಮಗುವಿನ ಮನೆಯ ನೆರೆಹೊರೆ ತಮಿಳು. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಕೆರೆ ಮತ್ತು ದಂಡೆಗಳನ್ನು ಅದಲುಬದಲು ಮಾಡುವುದು ಸಹಜ. ಆದರೆ ದೊಡ್ಡವರಾದ ನಾವು ಮಾಡಿರುವ ತಪ್ಪು ಅದಕ್ಕಿಂತ ದೊಡ್ಡದು. ದಂಡೆಯನ್ನು ಚೆಂದ ಮಾಡಿದರೆ ಕೆರೆಯನ್ನು ಉಳಿಸಿದಂತೆ ಎಂದು ನಾವು ನಂಬಿಬಿಟ್ಟೆವು. ಆ ತಪ್ಪಿಗೆ ಕೆಂಪು ಗೆರೆ ಎಳೆಯುವವರು ಇರಲಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಮೊದಲು ನಮ್ಮದೇ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಇದೇ ಶಾಲೆಯ ಐದನೆಯ ತರಗತಿಯಲ್ಲಿದ್ದ ಕಾಲ. ಚಳಿಗಾಲದ ಒಂದು ಭಾನುವಾರ ಪಟ್ಟಣದ ಕಡೆಯಿಂದ ಜೀಪೊಂದು ಬಂತು. ಅದರಲ್ಲಿ ಮೂವರು, ಎರಡು ಬಂದೂಕು. ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು ಅವರು ಗುಂಡು ಹಾರಿಸಿದರು. ಕೆರೆಯೇ ಎದ್ದು ಹಾರಿದಂತೆ ಹಕ್ಕಿಗಳೆಲ್ಲ ಮೇಲೆದ್ದವು. ಬಿದ್ದವನ್ನು ನೀರಿಗಿಳಿದು ತಂದುಕೊಟ್ಟರೆ ಹಕ್ಕಿಗೆ ನಾಲ್ಕಾಣೆ ಎಂದರು. ಹುಡುಗರು ಈಜಿದರು. ಅವರು ತಂದದ್ದನ್ನು ಹುಡುಗಿಯರಾದ ನಾವು ಲಂಗದ ಮಡಿಲಲ್ಲಿ ಹೊತ್ತು ಜೀಪಿಗೆ ಸಾಗಿಸಿದೆವು. ಅದರಲ್ಲೊಂದು ಇನ್ನೂ ಬದುಕಿತ್ತು. ಅದರ ಎದೆಯ ಬಿಸಿ ನಮ್ಮ ಹೊಟ್ಟೆಗೆ ತಾಕುತ್ತಿತ್ತು. ಆದರೂ ನಾವು ಅದನ್ನು ಕೊಟ್ಟು ನಾಲ್ಕಾಣೆ ತೆಗೆದುಕೊಂಡೆವು.

ಮರುದಿನ ಸುದ್ದಿ ತಿಳಿದ ಮೇಷ್ಟ್ರು ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಲೆಕ್ಕದ ಪಾಠ ನಿಲ್ಲಿಸಿ ನಮ್ಮನ್ನೆಲ್ಲ ಏರಿಯ ಮೇಲೆ ಕರೆದೊಯ್ದು, 'ಉಳಿದಿರುವುದನ್ನು ಎಣಿಸಿ' ಎಂದರು ಅಷ್ಟೇ. ಅಂದು ನೀರು ಬರಿದಾಗಿತ್ತು. ಎಣಿಸಲು ಏನೂ ಇಲ್ಲದಿರುವುದನ್ನು ಎಣಿಸಿದ ಆ ಪಾಠವನ್ನು ನಾವು ಮರೆತಿಲ್ಲ. ನಾಲ್ಕು ದಿನ ಕಳೆದ ಮೇಲೆ ಹಕ್ಕಿಗಳು ಮರಳಿ ಬಂದವು. ಆಗ ನಮಗಾದ ಸಂತೋಷಕ್ಕೆ ಪಾರವಿರಲಿಲ್ಲ.

ಬಾತಿನ ಬೇಟೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ದೊರೆಗಳ ವೈಭವವಾಗಿತ್ತು. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿಥ್‌ಗೋ ಅವರ ಬೇಟೆಯ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಂದಿತು. ಆ ಲೆಕ್ಕವನ್ನು ಅಭಿಮಾನದಿಂದ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಬ್ರಿಟಿಷರ 1912ರ ಕಾಯ್ದೆಯು ವರ್ಷದ ಕೆಲವು ತಿಂಗಳು ಬೇಟೆ ಸಲ್ಲದೆಂದು ಗೊತ್ತುಮಾಡಲು ಅವಕಾಶ ಕೊಟ್ಟಿತ್ತು; ಅಂದರೆ ಉಳಿದ ತಿಂಗಳುಗಳಲ್ಲಿ ಸಲ್ಲುತ್ತಿತ್ತು. ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿಯೂ ಮೊದಮೊದಲು ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿಯು ಆ ಬಾಗಿಲನ್ನು ಮುಚ್ಚಿತು. ಇಂದು ನಮ್ಮ ದೇಶದಲ್ಲಿ ಬಾತಿನ ಬೇಟೆಗೆ ಋತುವೆಂಬುದೇ ಇಲ್ಲ. ಅದು ಒಳ್ಳೆಯದೇ ಆಯಿತು.

ಹಾಗಾದರೆ ಬಂದೂಕು ಹೋದ ಮೇಲೆ ಬಾತುಗಳು ಹೆಚ್ಚಬೇಕಿತ್ತಲ್ಲವೇ? ಬಂದೂಕಿದ್ದ ಕಾಲದಲ್ಲಿ ನಾಲ್ಕು ದಿನದಲ್ಲಿ ಮರಳಿ ಬಂದ ಹಕ್ಕಿ, ಬಂದೂಕಿಲ್ಲದ ಈ ಕಾಲದಲ್ಲಿ ಏಕೆ ಬರುತ್ತಿಲ್ಲ? ಈ ಪ್ರಶ್ನೆಯನ್ನು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ನಮಗೆ ಕೆರೆಯೇ ಗುರುವಾಯಿತು.

ಬಾತುಗಳು ನೀರಿದ್ದಲ್ಲೆಲ್ಲ ಇಳಿಯುತ್ತವೆ ಎಂಬುದು ನಮ್ಮ ಭ್ರಮೆ. ನಮ್ಮಲ್ಲಿಗೆ ಬರುವ ಬಹುಪಾಲು ಬಾತುಗಳು ಮುಳುಗುವ ಜಾತಿಯವಲ್ಲ. ತಲೆಯನ್ನು ನೀರಿಗೆ ಅದ್ದಿ, ಬಾಲವನ್ನು ಮೇಲೆತ್ತಿ, ಕೊರಳು ನಿಲುಕುವಷ್ಟು ಆಳದಲ್ಲಿ ಮಾತ್ರ ಮೇಯುವಂಥವು. ಗೇಣುದ್ದದಿಂದ ಒಂದಡಿಯವರೆಗಿನ ನೀರೇ ಅವುಗಳ ಅಡುಗೆಮನೆ. ಅಲ್ಲಿ ಹುಲ್ಲಿನ ಬೀಜ, ಜೊಂಡಿನ ಗೆಡ್ಡೆ, ಹುಳುಹುಪ್ಪಟೆ, ಸಣ್ಣ ಬಸವನಹುಳು ದೊರೆಯುತ್ತವೆ. ಸಲಿಕೆ ಕೊಕ್ಕಿನ ಬಾತಿನ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ರಚನೆಯಿದೆ. ಅದು ತೆಳುನೀರನ್ನು ಜಾಲಿಸಿ ಆಹಾರವನ್ನು ಉಳಿಸಿಕೊಳ್ಳುತ್ತದೆ. ಹತ್ತಡಿ ಆಳದ ನಿರ್ಮಲ ನೀರು ನಮಗೆ ಎಷ್ಟೇ ಚೆಂದ ಕಂಡರೂ ಇಂತಹ ಬಾತಿಗೆ ಅದು ಬರಿಯ ತಟ್ಟೆ. ಹಗಲು ವಿಶ್ರಾಂತಿಗೆ ಆದೀತೇ ಹೊರತು ಊಟಕ್ಕಾಗದು.

ನಮ್ಮ ಹಿರಿಯರ ಕೆರೆ ಹಾಗಿರಲಿಲ್ಲ. ಏರಿ ಮತ್ತು ತೂಬಿನ ಬಳಿ ಆಳ. ಅಲ್ಲಿಂದ ಹಿಂದಕ್ಕೆ, ಹಳ್ಳವು ಕೆರೆಗೆ ಬಂದು ಸೇರುವ ಕಡೆಗೆ, ನೆಲವು ಮೆಲ್ಲಮೆಲ್ಲನೆ ಏರುತ್ತಾ ತೆಳುನೀರಾಗಿ, ಕೆಸರಾಗಿ, ಹುಲ್ಲಾಗಿ ಮುಗಿಯುತ್ತಿತ್ತು. ಕೋಡಿ ಬಿದ್ದು ಕೆರೆ ತುಂಬಿದ ಮೇಲೆ ನೀರುಗಂಟಿಯು ಸರದಿಯ ಪ್ರಕಾರ ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡುತ್ತಿದ್ದ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೀರು ವಾರಕ್ಕೆ ಕೆಲವೇ ಅಂಗುಲಗಳಂತೆ ಇಳಿಯುತ್ತಿತ್ತು. ಹಾಗೆ ಇಳಿದಂತೆಲ್ಲ ನಿನ್ನೆ ಆಳವಾಗಿದ್ದ ಜಾಗ ಇಂದು ತೆಳುವಾಗಿ, ಬಾತುಗಳಿಗೆ ಹೊಸ ಮೇವು ಒದಗುತ್ತಿತ್ತು. ಮದುವೆಯ ಮನೆಯಲ್ಲಿ ಪಂಕ್ತಿಯ ನಂತರ ಪಂಕ್ತಿಗೆ ಎಲೆ ಹಾಕಿದಂತೆ, ವಾರದ ನಂತರ ವಾರ ಕೆರೆಯ ಅಂಚು ಹಕ್ಕಿಗಳಿಗೆ ಎಲೆ ಹಾಕುತ್ತಿತ್ತು. ಬೇಸಿಗೆಯಲ್ಲಿ ಬರಿದಾದ ಅಂಗಳದಿಂದ ರೈತರು ಗಾಡಿಗಳಲ್ಲಿ ಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಉಳಿದ ತೇವದಲ್ಲಿ ಹುಲ್ಲು ಚಿಗುರುತ್ತಿತ್ತು, ದನಗಳು ಮೇಯುತ್ತಿದ್ದವು, ಬೀಜ ಉದುರುತ್ತಿತ್ತು. ಮುಂದಿನ ಮಳೆಗೆ ಆ ಬೀಜವೆಲ್ಲ ನೀರಿನಡಿ ಸೇರಿ ಮುಂದಿನ ಅತಿಥಿಗಳಿಗೆ ಕಾದಿರುತ್ತಿತ್ತು.

ಹಿರಿಯರು ಇದನ್ನು ಬಾತುಗಳಿಗಾಗಿ ಮಾಡಲಿಲ್ಲ, ಭತ್ತಕ್ಕಾಗಿ ಮಾಡಿದರು. ಆದರೆ ಅರಿಯದೆಯೇ ಅವರು ಹಕ್ಕಿಗಳ ನೆಲೆಯನ್ನು ಅಚ್ಚುಕಟ್ಟಾಗಿ ನಿರ್ವಹಿಸುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ನೀರನ್ನು ಕಾಯುವವರು ಕಡಿಮೆಯಾದರು. ನೀರುಗಂಟಿಯ ಕೆಲಸ ಅವನ ಮಗನಿಗೆ ಬರಲಿಲ್ಲ. ಆ ಮಗ ನಮ್ಮ ಹಳೆಯ ವಿದ್ಯಾರ್ಥಿ, ಹೊಸೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿ ಇಂದು ಈ ಸಭೆಯಲ್ಲಿ ಕುಳಿತಿದ್ದಾನೆ. ಅವನದು ತಪ್ಪಲ್ಲ. ಆದರೆ ತೂಬಿನ ಗೂಟ ತುಕ್ಕು ಹಿಡಿಯಿತು. ಕೆರೆ ಈಗ ಒಂದೋ ತುಂಬಿ ನಿಲ್ಲುತ್ತದೆ, ಇಲ್ಲವೇ ಪೂರ್ತಿ ಒಣಗುತ್ತದೆ. ನಡುವಿನ ಆ ಮೆಲ್ಲನೆಯ ಇಳಿತ ಇಲ್ಲವಾಗಿದೆ.

ಇನ್ನು ನಾವು ಮಾಡಿದ ಎರಡನೆಯ ತಪ್ಪು. ಕೆಲವು ವರ್ಷಗಳ ಹಿಂದೆ ಕೆರೆಯಲ್ಲಿ ಹೂಳು ತುಂಬಿದೆ, ಅಂತರಗಂಗೆ ಹಬ್ಬಿದೆ ಎಂದು ಊರಿನವರೆಲ್ಲ ಸೇರಿ ಮನವಿ ಬರೆದೆವು. ಆ ಮನವಿಯ ಕರಡನ್ನು ತಿದ್ದಿದ್ದು ನಾವೇ. ಮೊದಲ ಸಹಿಯೂ ನಮ್ಮದೇ. ದಾನಿಗಳು ಮುಂದೆ ಬಂದರು. ಯಂತ್ರಗಳು ಬಂದವು. ಒಂದೇ ಬೇಸಿಗೆಯಲ್ಲಿ ಕೆರೆಯ ಅಂಗಳವನ್ನೆಲ್ಲ ಒಂದೇ ಆಳಕ್ಕೆ ತೋಡಿ, ಸುತ್ತಲೂ ಕಡಿದಾದ ದಡ ಮಾಡಿ, ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ, ದೀಪ, ಬೆಂಚು ಹಾಕಿದರು. ಉದ್ಘಾಟನೆಯ ದಿನ ನಮ್ಮ ಮಕ್ಕಳು ಸ್ವಾಗತಗೀತೆ ಹಾಡಿದರು. ಆ ವರ್ಷ ಒಳ್ಳೆಯ ಮಳೆಯಾಯಿತು, ಕೆರೆ ಕನ್ನಡಿಯಂತೆ ತುಂಬಿತು. ಆದರೆ ಆ ಚಳಿಗಾಲ ಉತ್ತರದ ಬಾತುಗಳು ಒಂದೆರಡು ದಿನ ಮೇಲೆ ಸುತ್ತಾಡಿ, ಇಳಿದು, ಮತ್ತೆ ಎದ್ದು ಹೋದವು. ನೀರುಕಾಗೆಗಳು ಮಾತ್ರ ಉಳಿದವು. ಆಳದ ನೀರಿನಲ್ಲಿ ಮುಳುಗಿ ಮೀನು ಹಿಡಿಯುವುದು ಅವುಗಳಿಗೆ ಸುಲಭ. ಜೀಪಿನವರು ನಾಲ್ಕು ದಿನಕ್ಕೆ ಓಡಿಸಿದ ಹಕ್ಕಿಗಳನ್ನು ಒಳ್ಳೆಯ ಮನಸ್ಸಿನ ನಾವು ಹೆಚ್ಚುಕಡಿಮೆ ಪೂರ್ತಿಯಾಗಿಯೇ ಓಡಿಸಿದೆವು. ದುಡ್ಡು ಕೊಟ್ಟವರ ಮೇಲಾಗಲಿ, ಕೆಲಸ ಮಾಡಿದವರ ಮೇಲಾಗಲಿ ನಮ್ಮ ದೂರಿಲ್ಲ. ಅವರು ನಾವು ಕೇಳಿದ್ದನ್ನೇ ಕೊಟ್ಟರು. ಕೇಳುವುದು ಹೇಗೆಂದು ನಮಗೆ ತಿಳಿದಿರಲಿಲ್ಲ.

ಇದು ನಮ್ಮೊಬ್ಬರ ತಪ್ಪಲ್ಲ ಎಂಬುದಕ್ಕೆ ಮತ್ತೆ ಭರತಪುರವೇ ಸಾಕ್ಷಿ. ಅಲ್ಲಿ ಬೇಟೆ ನಿಂತ ಮೇಲೆ ಆ ಜೌಗುನೆಲವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿ, 1982ರಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಮೇಯುವುದನ್ನು ನಿಷೇಧಿಸಿದರು. ಹಕ್ಕಿಗಳಿಗೆ ಒಳ್ಳೆಯದಾಗುತ್ತದೆ ಎಂದೇ ಎಲ್ಲರೂ ಭಾವಿಸಿದರು. ಆದರೆ ಮೇಯುವವರಿಲ್ಲದೆ ಹುಲ್ಲು ನೀರನ್ನೆಲ್ಲ ಮುಚ್ಚಿತು, ಬಾತುಗಳಿಗೆ ತೆರೆದ ತೆಳುನೀರು ಇಲ್ಲವಾಯಿತು. ಮುಂಬಯಿಯ ನಿಸರ್ಗೇತಿಹಾಸ ಸಂಘದ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ನಡೆಸಿ, ಎಮ್ಮೆಗಳು ಆ ಕೆರೆಗೆ ಉಪಕಾರಿಗಳಾಗಿದ್ದವು ಎಂದು ಕಂಡುಕೊಂಡರು. ಬೇಡವೆಂದು ಬೇಲಿ ಹಾಕಿದ ಮಾತ್ರಕ್ಕೆ ಜೌಗುನೆಲ ಉಳಿಯುವುದಿಲ್ಲ. ಅದನ್ನು ನೋಡಿಕೊಳ್ಳುವ ಕೈಗಳು ಬೇಕು.

ಬೇಟೆಯ ಋತು ಇಂದಿಗೂ ಇರುವ ಅಮೆರಿಕದಲ್ಲಿ ಈ ಕೈಗಳು ಎಲ್ಲಿಂದ ಬಂದವು ಎಂಬುದನ್ನು ನೋಡಿದರೆ ಸೋಜಿಗವಾಗುತ್ತದೆ. ಅಲ್ಲಿ 1934ರಿಂದ ಬಾತಿನ ಬೇಟೆಗಾರನು ಪ್ರತಿವರ್ಷ ಒಂದು ಅಂಚೆಚೀಟಿಯಂತಹ ಪರವಾನಗಿ ಚೀಟಿಯನ್ನು ಕೊಳ್ಳಲೇಬೇಕು. ಆ ಹಣದ ಬಹುಪಾಲು ಜೌಗುನೆಲಗಳನ್ನು ಕೊಂಡು ಕಾಯುವುದಕ್ಕೆ ಹೋಗುತ್ತದೆ. ಅಂತಹ ನೆಲಗಳಲ್ಲಿ ಸಿಬ್ಬಂದಿ ಬೇಸಿಗೆಯಲ್ಲಿ ನೀರನ್ನು ಮೆಲ್ಲನೆ ಇಳಿಸಿ, ಬೀಜದ ಹುಲ್ಲು ಬೆಳೆಸಿ, ಹಕ್ಕಿಗಳು ಬರುವ ವೇಳೆಗೆ ಮತ್ತೆ ತೆಳುವಾಗಿ ನೀರು ಹಾಯಿಸುತ್ತಾರೆ. ನಮ್ಮ ನೀರುಗಂಟಿ ಮಾಡುತ್ತಿದ್ದುದಕ್ಕೂ ಇದಕ್ಕೂ ಎಷ್ಟು ಅಂತರ? ಬೇಟೆಗಾರರು ಉದುರಿಸಿದ ಸೀಸದ ಚಿಲ್ಲುಗಳನ್ನು ಹರಳೆಂದು ನುಂಗಿ ಬಾತುಗಳು ವಿಷವೇರಿ ಸಾಯುವುದನ್ನು ಕಂಡು, ನೀರುಹಕ್ಕಿಗಳ ಬೇಟೆಗೆ ಸೀಸದ ಚಿಲ್ಲನ್ನು 1991ರಲ್ಲಿ ಆ ದೇಶದಾದ್ಯಂತ ನಿಷೇಧಿಸಿದರು. ಅವರ ಬೇಟೆಯನ್ನು ನಾವು ತರಬೇಕೆಂದು ಹೇಳುತ್ತಿಲ್ಲ. ಅವರು ಕೊಲ್ಲುವುದಕ್ಕಾಗಿಯಾದರೂ ವಹಿಸಿದ ಕಾಳಜಿಯನ್ನು, ಕೊಲ್ಲದಿರಲು ನಿಶ್ಚಯಿಸಿದ ನಾವು ವಹಿಸಬಾರದೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಬೇಟೆಯಿಲ್ಲದೆಯೂ ಕಾಳಜಿ ಸಾಧ್ಯವೆಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ತಮಿಳುನಾಡಿನ ವೇಡಂತಾಂಗಲ್ ಎಂಬ ಊರಿನ ರೈತರು, ಕೆರೆಯ ಹಕ್ಕಿಗಳನ್ನು ಸಿಪಾಯಿಗಳು ಗುಂಡಿಟ್ಟು ಕೊಲ್ಲುತ್ತಿದ್ದಾರೆಂದು ದೂರಿಟ್ಟು, 1798ರಲ್ಲಿ ಕಲೆಕ್ಟರ್ ಲಯನೆಲ್ ಪ್ಲೇಸ್ ಅವರಿಂದ ರಕ್ಷಣೆಯ ಹಕ್ಕುಪತ್ರ ಪಡೆದರು. ಹಕ್ಕಿಗಳ ಹಿಕ್ಕೆಯಿಂದ ಗೊಬ್ಬರಗೊಂಡ ನೀರು ತಮ್ಮ ಗದ್ದೆಗೆ ಎಷ್ಟು ಒಳ್ಳೆಯದೆಂದು ಅವರಿಗೆ ತಿಳಿದಿತ್ತು. ಶಿವಗಂಗೆ ಜಿಲ್ಲೆಯ ವೆಟ್ಟಂಗುಡಿಯ ಬಳಿಯಿರುವ ಕೊಳ್ಳುಕುಡಿಪಟ್ಟಿಯ ಜನರು ಹಕ್ಕಿಗಳು ಬೆದರಬಾರದೆಂದು ದೀಪಾವಳಿಗೆ ಪಟಾಕಿ ಹೊಡೆಯುವುದನ್ನೇ ಬಿಟ್ಟಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿವೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯ್ದರೂ ಅಲ್ಲಿನ ರೈತರು ಸಹಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು. ಮೊದಲು ಊರು ಕಾಯಿತು, ಪಟ್ಟಿ ಆಮೇಲೆ ಬಂತು.

ನಮ್ಮ ಸೀಮೆಯ ಕಷ್ಟಗಳನ್ನು ನಾವು ಮರೆತು ಮಾತನಾಡುತ್ತಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೊಸಕೋಟೆಯ ಮೇಲೆ ಹರಿದು ಬರುವ ದಕ್ಷಿಣ ಪಿನಾಕಿನಿಯು ಮಹಾನಗರದ ಕೊಳಚೆಯನ್ನು ಹೊತ್ತು ತಂದು ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಬಿಳಿಯ ನೊರೆಯಾಗಿ ಏಳುವುದನ್ನು ತಾವೆಲ್ಲ ಕಂಡಿದ್ದೀರಿ. ಅದನ್ನು ಸರಿಪಡಿಸುವುದು ಎರಡು ರಾಜ್ಯಗಳ ಸರ್ಕಾರಗಳ ಕೆಲಸ. ಆದರೆ ದೊಡ್ಡ ನೀರು ಕೆಟ್ಟಾಗಲೇ ಸಣ್ಣ ಕೆರೆಗಳ ಬೆಲೆ ಹೆಚ್ಚುವುದು. ಹೊಳೆಯ ನೀರು ಬಾರದ, ಮಳೆಯ ನೀರನ್ನೇ ನಂಬಿರುವ ನಮ್ಮಂತಹ ಊರ ಕೆರೆಗಳು ಆ ಹಕ್ಕಿಗಳಿಗೆ ಉಳಿದಿರುವ ಛತ್ರಗಳು.

ಆದ್ದರಿಂದ ಶತಮಾನೋತ್ಸವದ ನೆನಪಿಗೆ ಮತ್ತೊಂದು ಕಮಾನು ಕಟ್ಟಿಸುವ ಬದಲು ಈ ಕೆಲವು ಕೆಲಸಗಳಿಗೆ ತಮ್ಮ ಒಪ್ಪಿಗೆ ಬೇಡುತ್ತೇವೆ. ಪಂಚಾಯಿತಿ ಹಾಗೂ ಇಲಾಖೆಯವರ ಅನುಮತಿ ಪಡೆದೇ ಇವುಗಳನ್ನು ಮಾಡಬೇಕು. ಒಂದು, ಹಳ್ಳ ಬಂದು ಸೇರುವ ಕಡೆಯ ದಡದಲ್ಲಿ ಕಟ್ಟಿದ ಕಲ್ಲನ್ನು ತೆಗೆದು, ಮಣ್ಣು ತುಂಬಿ, ಕೆರೆಯ ಮೂರನೆಯ ಒಂದು ಭಾಗವನ್ನಾದರೂ ಮತ್ತೆ ಇಳಿಜಾರಾದ ತೆಳುನೀರಾಗಿಸುವುದು. ಎರಡು, ತೂಬನ್ನು ದುರಸ್ತಿ ಮಾಡಿ, ಚಳಿಗಾಲದುದ್ದಕ್ಕೂ ನೀರನ್ನು ಮೆಲ್ಲನೆ ಇಳಿಸುವುದು. ಆ ನೀರು ಅಚ್ಚುಕಟ್ಟಿನಲ್ಲಿ ಇನ್ನೂ ಬೇಸಾಯ ಮಾಡುವವರಿಗೇ ಸಲ್ಲಲಿ. ಮೂರು, ಮುಂದೆ ಹೂಳೆತ್ತುವುದಾದರೆ ಏರಿಯ ಬಳಿಯ ಆಳದಲ್ಲಿ ಮಾತ್ರ, ಅದೂ ಭಾಗಭಾಗವಾಗಿ. ನಾಲ್ಕು, ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ದನ ಮೇಯಿಸುವವರನ್ನು ಓಡಿಸಬಾರದು. ಐದು, ನವೆಂಬರ್‌ನಿಂದ ಮಾರ್ಚ್‌ವರೆಗೆ ತೆಳುನೀರಿನ ಕಡೆ ದೀಪ ಆರಿಸಿ, ದೀಪಾವಳಿಯ ಪಟಾಕಿಯನ್ನು ಏರಿಯಿಂದ ದೂರವಿಡುವುದು.

ಕೆಲವರು ಈಗಾಗಲೇ ನಮ್ಮನ್ನು ಕೇಳಿದ್ದಾರೆ: 'ಕಲ್ಲು ಕಟ್ಟಿದ ದಡವನ್ನು ಮತ್ತೆ ಕೆಸರು ಮಾಡುವಿರಾ ಮೇಡಂ? ಸೊಳ್ಳೆ ಬಾರದೇ? ಕೊಳವೆಬಾವಿಗೆ ನೀರು ಕಡಿಮೆಯಾಗದೇ?' ಪ್ರಶ್ನೆಗಳು ನ್ಯಾಯವಾದವು. ಮೀನು, ಕಪ್ಪೆ, ಕೊಡತಿ ಹುಳುವಿನ ಮರಿಗಳಿರುವ ಜೀವಂತ ಕೆರೆಗಿಂತ ಚರಂಡಿಯ ನಿಂತ ನೀರೇ ಸೊಳ್ಳೆಗೆ ಹೆಚ್ಚು ಪ್ರಿಯ. ನೀರಿನ ವಿಷಯದಲ್ಲಿ ಮಾತ್ರ ನಾವು ಸುಳ್ಳು ಭರವಸೆ ಕೊಡಲಾರೆವು. ತೂಬಿನಿಂದ ಬಿಟ್ಟಷ್ಟು ನೀರು ಕೆರೆಯಲ್ಲಿ ಕಡಿಮೆಯಾಗುವುದು ನಿಜ. ಬರದ ವರ್ಷದಲ್ಲಿ ಮನುಷ್ಯರ ಮತ್ತು ದನಗಳ ಕುಡಿಯುವ ನೀರೇ ಮೊದಲು. ಆ ವರ್ಷ ತೂಬು ಮುಚ್ಚಿಯೇ ಇರಲಿ. ಉಳಿದ ವರ್ಷಗಳಲ್ಲಿ ಹಂಚಿಕೊಳ್ಳೋಣ. ಹಿರಿಯರು ಹಾಗೆಯೇ ಮಾಡುತ್ತಿದ್ದರು.

ಶಾಲೆಯ ಪಾಲಿನ ಕೆಲಸವನ್ನು ನಾವು ಆರಂಭಿಸಿದ್ದೇವೆ. ಪ್ರತಿ ಚಳಿಗಾಲದ ಶನಿವಾರ ಮುಂಜಾನೆ ಏಳು ಮತ್ತು ಎಂಟನೆಯ ತರಗತಿಯ ಮಕ್ಕಳು ಏರಿಯ ಮೇಲೆ ನಿಂತು ಹಕ್ಕಿಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತಾರೆ. ಹಕ್ಕಿಯ ಹೆಸರನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯುವುದು ನಿಯಮ. ಸೊನ್ನೆಯಾದರೆ ಸೊನ್ನೆಯೆಂದೇ ಬರೆಯಬೇಕೆಂದು ಹೇಳಿದ್ದೇವೆ. ನಮ್ಮ ಮೇಷ್ಟ್ರು ಅಂದು ಕಲಿಸಿದ ಪಾಠವನ್ನು ಇಷ್ಟು ತಡವಾಗಿಯಾದರೂ ನಾವು ಪಠ್ಯಕ್ರಮಕ್ಕೆ ಸೇರಿಸಿದಂತಾಯಿತು.

ಗಡಿನಾಡಿನ ಕನ್ನಡ ಶಾಲೆಯೊಂದು ನೂರು ವರ್ಷ ಬದುಕಿದ್ದು ಹೇಗೆ ಎಂದು ಹಲವರು ಕೇಳುತ್ತಾರೆ. ಶಾಲೆಯನ್ನು ಯಾರೂ ಮುಚ್ಚಲಿಲ್ಲ ಎಂಬುದಷ್ಟೇ ಅದಕ್ಕೆ ಉತ್ತರವಲ್ಲ. ಮುಚ್ಚದಿದ್ದ ಮಾತ್ರಕ್ಕೆ ಶಾಲೆ ಉಳಿಯುವುದಿಲ್ಲ. ಪ್ರತಿ ಜೂನ್ ತಿಂಗಳಿನಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದ ಶಿಕ್ಷಕರಿಂದ, ನಗರದ ಶಾಲೆಗೆ ಕಳಿಸುವ ಅನುಕೂಲವಿದ್ದರೂ ಇಲ್ಲಿಗೆ ಕಳಿಸಿದ ತಾಯ್ತಂದೆಯರಿಂದ ಇದು ಉಳಿಯಿತು. ಕೆರೆಯ ಮಾತೂ ಅದೇ. ಕೊಲ್ಲಬಾರದೆಂಬ ಕಾಯ್ದೆಯನ್ನು ಸರ್ಕಾರ ಕೊಟ್ಟಿದೆ. ತೂಬನ್ನು ಎತ್ತುವ ಕೈ ಮಾತ್ರ ನಮ್ಮದೇ ಆಗಬೇಕು.

ಮಡಿಲಿನಲ್ಲಿ ಬಿಸಿಯಾಗಿದ್ದ ಆ ಬಾತಿನ ಸಾಲ ನಮ್ಮ ಮೇಲಿದೆ. ಅದನ್ನು ತೀರಿಸಲು ತಮ್ಮೆಲ್ಲರ ನೆರವು ಬೇಡಿ ನಮ್ಮ ಮಾತನ್ನು ಮುಗಿಸುತ್ತೇವೆ.